ನಲವತ್ತೆಂಟು ವರ್ಷ ಕಾದವರು

ನಮ್ಮ ಬಡಾವಣೆಯ ಏಳೆಂಟು ಕನ್ನಡ ಮನೆಗಳವರು ಶನಿವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ವಿಷ್ಣುಸಹಸ್ರನಾಮ ಹೇಳುವ ಪದ್ಧತಿ ಬಹಳ ದಿನಗಳಿಂದ ನಡೆದುಬಂದಿದೆ. ಕೆಲವು ವಾರಗಳ ಹಿಂದೆ ಮಂಗಳಾರತಿಯಾಗಿ ಕೋಸಂಬರಿ ಹಂಚುತ್ತಿದ್ದಾಗ ಹಿರಿಯರಾದ ಒಬ್ಬ ಮಹಿಳೆ ಯಾರನ್ನೂ ಉದ್ದೇಶಿಸದೆ ಒಂದು ಮಾತು ಕೇಳಿದರು. “ಆರು ವರ್ಷದಿಂದ ಒಂದೇ ಒಂದು ಕೋರಿಕೆ ಇಟ್ಟುಕೊಂಡು ಹೇಳುತ್ತಾ ಇದ್ದೇನೆ. ಅವನಿಗೆ ಕೇಳಿಸಿಲ್ಲವೋ, ಕೇಳಿಸಿಯೂ ಸುಮ್ಮನಿದ್ದಾನೋ?” ಎಂದರು. “ಎಲ್ಲದಕ್ಕೂ ಕಾಲ ಕೂಡಿಬರಬೇಕಮ್ಮ” ಎಂದು ನಾನು ರೂಢಿಯ ಮಾತು ಹೇಳಿದೆ. “ಅದು ನನಗೂ ಗೊತ್ತು ಕಣಪ್ಪ. ಎಷ್ಟು ದಿನ ಅಂತ ಕೇಳಿದೆ” ಎಂದರು ಅವರು.

ನಾನು ಸುಮ್ಮನಾದೆ. ಇಪ್ಪತ್ತು ವರ್ಷಗಳಿಂದ ಕಡತಗಳ ನಡುವೆ ಕುಳಿತು, ಬಂದವರಿಗೆಲ್ಲ “ವಿಷಯ ಪರಿಶೀಲನೆಯಲ್ಲಿದೆ” ಎಂದು ಬರೆದು ಕಳಿಸುವವನು ನಾನು. ಆ ತಾಯಿಗೆ ನಾನು ಕೊಟ್ಟ ಉತ್ತರವೂ ಅದೇ ಮಾದರಿಯದು ಎಂದು ಅನಿಸಿ ಸ್ವಲ್ಪ ನಾಚಿಕೆಯೂ ಆಯಿತು.

ಮರುದಿನ ಊರಿನಿಂದ ಬಂದಿದ್ದ ನೆಂಟರಿಗೆ ಕುತುಬ್ ಮೀನಾರ್ ತೋರಿಸಿ, ಅಲ್ಲಿಂದ ಬದರ್‌ಪುರದ ರಸ್ತೆ ಹಿಡಿದು ತುಘಲಕಾಬಾದಿನ ಕೋಟೆಗೂ ಹೋಗಿ ಬಂದೆವು. ದೆಹಲಿಯ ಕನ್ನಡಿಗರಲ್ಲಿ ಈ ಕೋಟೆಯನ್ನು ಬಸ್ಸಿನ ಕಿಟಕಿಯಿಂದ ಕಂಡವರು ಬಹಳ, ಒಳಗೆ ಹೊಕ್ಕವರು ಕಡಿಮೆ. ಘಿಯಾಸುದ್ದೀನ್ ತುಘಲಕ್ ೧೩೨೦ರಲ್ಲಿ ಪಟ್ಟಕ್ಕೆ ಬಂದು ಮರುವರ್ಷವೇ ಕಟ್ಟಲು ತೊಡಗಿದ ಕೋಟೆ ಇದು. ಇಳಿಜಾರಾಗಿ ಮೇಲೇರುವ ದೈತ್ಯ ಗೋಡೆಗಳು ಈಗಲೂ ಇವೆ. ಒಳಗೆ ಕುರುಚಲು, ಮುಳ್ಳುಗಿಡ, ಕೋತಿಗಳು. ರಸ್ತೆಯ ಆಚೆ ಬದಿಗೆ ಕೆಂಪುಕಲ್ಲು, ಬಿಳಿ ಅಮೃತಶಿಲೆಗಳ ಪುಟ್ಟ ಗೋರಿಯಲ್ಲಿ ಅದನ್ನು ಕಟ್ಟಿಸಿದವನು ಮಲಗಿದ್ದಾನೆ. ಅವನಿಗೂ ಸಂತ ನಿಜಾಮುದ್ದೀನ್ ಔಲಿಯಾರಿಗೂ ಬಾವಿ ತೋಡುವ ಕೂಲಿಗಳ ಬಗ್ಗೆ ವಿರಸ ಬಂದಿತ್ತೆಂದೂ, ಬಂಗಾಳದ ದಂಡಯಾತ್ರೆ ಮುಗಿಸಿ ಸುಲ್ತಾನ ಕೋಪದಿಂದ ಬರುತ್ತಿದ್ದಾನೆಂದು ಶಿಷ್ಯರು ಹೆದರಿದಾಗ ಸಂತರು “ದಿಲ್ಲಿ ಇನ್ನೂ ದೂರವಿದೆ” ಎಂದಷ್ಟೇ ಹೇಳಿದರೆಂದೂ ಪ್ರತೀತಿ. ೧೩೨೫ರಲ್ಲಿ ದೆಹಲಿಯ ಹೊರಗೆ ಸ್ವಾಗತಕ್ಕೆಂದು ಹಾಕಿದ್ದ ಮರದ ಮಂಟಪ ಕುಸಿದು ಸುಲ್ತಾನ ಸತ್ತ. ಆ ಮಂಟಪ ಹಾಕಿಸಿದವನು ಅವನ ಮಗ, ಉಲುಘ್ ಖಾನ್ ಎಂಬ ಬಿರುದಿನ ಜೌನಾ ಖಾನ್; ಮುಂದೆ ಇತಿಹಾಸ ಮಹಮ್ಮದ್ ಬಿನ್ ತುಘಲಕ್ ಎಂದು ಕರೆದದ್ದು ಇವನನ್ನೇ.

ಗೋರಿಯ ಮುಂದೆ ನಿಂತಾಗ ನನಗೆ ಹಿಂದಿನ ಸಂಜೆಯ ಪ್ರಶ್ನೆ ಮತ್ತೆ ನೆನಪಾಯಿತು. ಏಕೆಂದರೆ ಈ ಕೋಟೆಯ ಕಲ್ಲುಗಳು ಏರುತ್ತಿದ್ದ ಕಾಲದಲ್ಲಿಯೇ, ೧೩೨೩ರಲ್ಲಿ, ಉಲುಘ್ ಖಾನನ ಸೇನೆ ಓರುಗಲ್ಲನ್ನು ಗೆದ್ದು, ಕಾಕತೀಯ ಪ್ರತಾಪರುದ್ರನನ್ನು ಸೆರೆಹಿಡಿದು, ಅಲ್ಲಿಂದ ದಕ್ಷಿಣಕ್ಕೆ ತಮಿಳುನಾಡಿನವರೆಗೆ ಇಳಿಯಿತು. ಕಾವೇರಿಯ ದ್ವೀಪದಲ್ಲಿರುವ ಶ್ರೀರಂಗದ ದೇವರು ಅಂದು ತನ್ನ ಮನೆ ಬಿಟ್ಟು ಹೊರಟ. ಮರಳಿ ಬಂದದ್ದು ೧೩೭೧ರಲ್ಲಿ. “ಎಷ್ಟು ದಿನ” ಎಂಬ ಪ್ರಶ್ನೆಗೆ ಒಂದು ಅಂಕಿ ಕೊಡಬಲ್ಲ ಪ್ರಸಂಗ ಇತಿಹಾಸದಲ್ಲಿ ಇದ್ದರೆ ಅದು ಇದೇ ಎಂದು ನನ್ನ ಭಾವನೆ. ಕನ್ನಡಿಗರಿಗಂತೂ ಅದರಲ್ಲಿ ವಿಶೇಷ ಪಾಲುಂಟು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಕಥೆಗೆ ಎರಡು ಬಗೆಯ ಆಧಾರಗಳಿವೆ. ಒಂದು, ಶ್ರೀರಂಗದ ದೇವಾಲಯದವರು ತಲೆಮಾರಿನಿಂದ ತಲೆಮಾರಿಗೆ ಬರೆದಿಟ್ಟುಕೊಂಡು ಬಂದ ‘ಕೋಯಿಲ್ ಒಳುಗು’ ಎಂಬ ದಾಖಲೆ ಮತ್ತು ಶ್ರೀವೈಷ್ಣವರ ಗುರುಪರಂಪರೆಯ ಗ್ರಂಥಗಳು. ಇನ್ನೊಂದು, ಶಾಸನಗಳು ಮತ್ತು ಆ ಕಾಲದವರೇ ಬರೆದ ವೃತ್ತಾಂತಗಳು. ಮೊದಲನೆಯದರಲ್ಲಿ ಭಕ್ತಿಯೂ ನೆನಪೂ ಬೆರೆತಿವೆ, ಇಸವಿಗಳು ಹಿಂದುಮುಂದಾಗಿವೆ. ಎರಡನೆಯದು ಗಟ್ಟಿ, ಆದರೆ ಒಣಕಲು. ಎರಡನ್ನೂ ಇಟ್ಟುಕೊಂಡೇ ಹೇಳಬೇಕು.

ಸೇನೆ ಹತ್ತಿರ ಬಂದಿತೆಂಬ ಸುದ್ದಿ ತಿಳಿದಾಗ ಊರಿನವರು ಗರ್ಭಗುಡಿಯ ಶಯನಮೂರ್ತಿಯ ಮುಂದೆ ಕಲ್ಲಿನ ಗೋಡೆ ಎತ್ತಿ ಮುಚ್ಚಿದರಂತೆ. ಮಲಗಿದ ದೇವರನ್ನು ಎಬ್ಬಿಸಿಕೊಂಡು ಹೋಗುವಂತಿಲ್ಲ. ಉತ್ಸವಮೂರ್ತಿಯನ್ನು ಮಾತ್ರ ಪಲ್ಲಕ್ಕಿಯಲ್ಲಿಟ್ಟುಕೊಂಡು, ಬಹು ವೃದ್ಧರಾಗಿದ್ದ ಪಿಳ್ಳೈ ಲೋಕಾಚಾರ್ಯರು ಕೆಲವೇ ಜನರೊಂದಿಗೆ ದಕ್ಷಿಣ ದಿಕ್ಕಿಗೆ ಹೊರಟರು. ಮಧುರೆಯ ಸಮೀಪದ ಜ್ಯೋತಿಷ್ಕುಡಿ ಎಂಬ ಹಳ್ಳಿಯವರೆಗೆ ಬಂದು ಅಲ್ಲಿಯೇ ದೇಹ ಬಿಟ್ಟರು. ಅವರು ಮತ್ತೆ ಶ್ರೀರಂಗ ನೋಡಲಿಲ್ಲ. ದೇವರ ಕಾಲದ ಮೇಲೆ ಭಾರ ಹಾಕಿದವರಿಗೆಲ್ಲ ಕೊನೆಗೆ ಫಲ ಕೈಗೆ ಸಿಕ್ಕೇ ಸಿಗುತ್ತದೆ ಎಂದು ಪುರಾಣ ಹೇಳುವವರು ಈ ಮುದುಕರನ್ನು ಮರೆಯಬಾರದು.

ಉಳಿದವರು ಮೂರ್ತಿಯನ್ನು ಹೊತ್ತು ಕೇರಳದ ಕಲ್ಲಿಕೋಟೆಯ ಕಡೆಗೆ ಹೋದರು. ಅಲ್ಲಿಂದ ಘಟ್ಟ ಹತ್ತಿ ನಮ್ಮ ನಾಡಿಗೆ ಬಂದರು. ದಾಖಲೆಗಳಲ್ಲಿ ಬರುವ ‘ತಿರುಕ್ಕಣಾಂಬಿ’ ಎಂದರೆ ಇಂದಿನ ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ. ಅಲ್ಲಿ ಕೆಲಕಾಲ ನಿಂತು, ಮುಂದೆ ಮೇಲುಕೋಟೆ ಸೇರಿದರು. ರಾಮಾನುಜರು ಒಮ್ಮೆ ಶ್ರೀರಂಗದಲ್ಲಿರಲಾರದೆ ಆಶ್ರಯ ಕಂಡ ಊರು ಅದು. ಎರಡು ಶತಮಾನಗಳ ನಂತರ ಶ್ರೀರಂಗದ ದೇವರೇ ಅಲ್ಲಿಗೆ ಬಂದು ಚೆಲುವನಾರಾಯಣನ ಅತಿಥಿಯಾದ. ಅಲ್ಲಿ ವರ್ಷಗಳು ಕಳೆದ ಮೇಲೆ ಮೂರ್ತಿ ತಿರುಮಲೆಗೆ ಹೋಯಿತು. ಬೆಟ್ಟದ ದೇವಾಲಯದಲ್ಲಿ ರಂಗನಾಯಕ ಮಂಟಪ ಎಂದು ಈಗಲೂ ತೋರಿಸುತ್ತಾರೆ. ತಿರುಪತಿಗೆ ಹೋದವರು ಅವಸರದ ಸಾಲಿನಲ್ಲಿ ಅದನ್ನು ದಾಟಿಯೇ ಹೋಗಿರುತ್ತಾರೆ.

ಈ ಅಲೆದಾಟದಲ್ಲಿ ನನ್ನ ಮನಸ್ಸಿಗೆ ಹತ್ತಿದ್ದು ಒಂದು ಸಣ್ಣ ಸಂಗತಿ. ದೇವರನ್ನು ಹೊತ್ತವರು ಅದನ್ನು ಬಚ್ಚಿಟ್ಟ ನಿಧಿಯಂತೆ ಕಟ್ಟಿಡಲಿಲ್ಲ. ಎಲ್ಲಿ ತಂಗಿದರೂ ದಿನದಿನದ ಸೇವೆ ನಡೆಸಿದರು. ಕಾಡಿನಲ್ಲಿ ಅಭಿಷೇಕಕ್ಕೆ ಏನು ಸಿಕ್ಕಿತೋ, ನೈವೇದ್ಯಕ್ಕೆ ಏನು ಬೆಂದಿತೋ! ಆದರೂ ಬೆಳಗಾದರೆ ಎಬ್ಬಿಸುವುದು, ರಾತ್ರಿಯಾದರೆ ಮಲಗಿಸುವುದು. ಇದು ನಲವತ್ತೆಂಟು ವರ್ಷದ ಲೆಕ್ಕ ಎಂದು ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಮೊದಲ ವರ್ಷ ಬಹುಶಃ “ಬರುವ ವೈಕುಂಠ ಏಕಾದಶಿಗೆ ಊರಿನಲ್ಲಿರುತ್ತೇವೆ” ಎಂದುಕೊಂಡಿದ್ದಾರು.

ಇತ್ತ ಶ್ರೀರಂಗದಲ್ಲಿ ಉಳಿದಿದ್ದವರಲ್ಲಿ ವೇದಾಂತ ದೇಶಿಕರೂ ಒಬ್ಬರು. ಕವಿ, ತಾರ್ಕಿಕ, ಆಗಲೇ ದೊಡ್ಡ ಹೆಸರಿನ ಆಚಾರ್ಯ. ಊರಿನಲ್ಲಿ ಕೊಲೆ ನಡೆದ ರಾತ್ರಿ ಅವರು ಹೆಣಗಳ ನಡುವೆ ಹೆಣದಂತೆ ಮಲಗಿ ಜೀವ ಉಳಿಸಿಕೊಂಡರೆಂದೂ, ಆಗ ಅವರ ಬಳಿ ಸುದರ್ಶನ ಸೂರಿಗಳ ಇಬ್ಬರು ಚಿಕ್ಕ ಮಕ್ಕಳೂ, ಅವರು ಶ್ರೀಭಾಷ್ಯಕ್ಕೆ ಬರೆದ ‘ಶ್ರುತಪ್ರಕಾಶಿಕಾ’ ಎಂಬ ವ್ಯಾಖ್ಯಾನದ ತಾಳೆಗರಿ ಕಟ್ಟೂ ಇದ್ದವೆಂದೂ ಗುರುಪರಂಪರೆ ಹೇಳುತ್ತದೆ. ಸುದರ್ಶನ ಸೂರಿಗಳು ಉಳಿಯಲಿಲ್ಲ. ದೇಶಿಕರು ಮಕ್ಕಳನ್ನೂ ಗ್ರಂಥವನ್ನೂ ಹೊತ್ತು ಕಾವೇರಿಯ ಪ್ರವಾಹಕ್ಕೆ ಎದುರಾಗಿ ನಡೆದು ಕನ್ನಡ ನಾಡಿಗೆ ಬಂದರು. ಮೇಲುಕೋಟೆಯಲ್ಲಿ ಕೆಲಕಾಲ, ಸತ್ಯಗಾಲದಲ್ಲಿ ಬಹುಕಾಲ ಇದ್ದರು.

ಸತ್ಯಗಾಲ ಕೊಳ್ಳೇಗಾಲ ತಾಲ್ಲೂಕಿನಲ್ಲಿದೆ. ಶಿವನಸಮುದ್ರದ ಜಲಪಾತ ನೋಡಲು ಹೋಗುವವರು ಅದರ ಪಕ್ಕದಲ್ಲಿಯೇ ಹಾದುಹೋಗುತ್ತಾರೆ. ಕಾವೇರಿಯ ದಡದ ಊರು. ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ಶ್ರೀರಂಗದ ಅಂತ್ಯರಂಗ ಎಂದು ನಮ್ಮ ಅಜ್ಜಿಯರು ಹೇಳುವ ಮೂರು ರಂಗರ ನಡುವಿನ ದಾರಿ ಇದು. ದೇಶಿಕರು ಬೆಳಿಗ್ಗೆ ಸ್ನಾನಕ್ಕಿಳಿಯುತ್ತಿದ್ದ ನೀರು ಕೆಲವು ದಿನಗಳ ನಂತರ ಮುಚ್ಚಿದ ಬಾಗಿಲಿನ ಶ್ರೀರಂಗವನ್ನು ಬಳಸಿಕೊಂಡು ಸಮುದ್ರಕ್ಕೆ ಹೋಗುತ್ತಿತ್ತು. ಅವರು ‘ಅಭೀತಿಸ್ತವ’ ಎಂಬ ಸ್ತೋತ್ರ ರಚಿಸಿದ್ದು ಇಲ್ಲಿಯೇ ಎಂದು ಸಂಪ್ರದಾಯ. ಅಭೀತಿ ಎಂದರೆ ಭಯವಿಲ್ಲದಿರುವುದು. ಶ್ರೀರಂಗಕ್ಕೆ ಬಂದ ಭಯ ತೊಲಗಲಿ, ಅಲ್ಲಿ ಮತ್ತೆ ಬಾಳುವಂತಾಗಲಿ ಎಂಬುದು ಅದರ ಕೋರಿಕೆ. ಇಂಥ ದಿನದೊಳಗೆ ಎಂಬ ಗಡುವು ಅದರಲ್ಲಿಲ್ಲ. ಅದನ್ನು ಬರೆದಿಟ್ಟು ಅವರು ಕೈಕಟ್ಟಿ ಕೂರಲೂ ಇಲ್ಲ. ಉಳಿಸಿ ತಂದ ಶ್ರುತಪ್ರಕಾಶಿಕೆಯನ್ನು ಶಿಷ್ಯರಿಗೆ ಪಾಠ ಹೇಳಿ ಬಳಕೆಗೆ ತಂದರು. ಅಂದು ಅವರು ಆ ಗರಿಗಳ ಕಟ್ಟನ್ನು ಎಸೆದು ಓಡಿದ್ದರೆ ಇಂದು ಶ್ರೀಭಾಷ್ಯ ಓದುವವರಿಗೆ ಆ ವ್ಯಾಖ್ಯಾನದ ಬೆಂಬಲ ಇರುತ್ತಿತ್ತೋ ಇಲ್ಲವೋ.

ಇನ್ನು ರಾಜಕೀಯದ ಕಡೆ ನೋಡೋಣ. ಆಗ ಕನ್ನಡ ನಾಡಿನ ಬಹುಭಾಗ ಹೊಯ್ಸಳ ಮೂರನೆಯ ಬಲ್ಲಾಳನ ಕೈಯಲ್ಲಿತ್ತು. ದೆಹಲಿಯ ಪರಿಚಯ ಅವನಿಗೆ ಹಳೆಯದು. ೧೩೧೧ರಲ್ಲಿ ಮಲ್ಲಿಕಾಫರ್ ದೋರಸಮುದ್ರಕ್ಕೆ ಬಂದಾಗ ಬಲ್ಲಾಳ ತಲೆಬಾಗಬೇಕಾಯಿತು. ಅವನ ಮಗ ದೆಹಲಿಗೆ ಹೋಗಿ ಅಲಾವುದ್ದೀನನ ಆಸ್ಥಾನ ಕಂಡು ೧೩೧೩ರಲ್ಲಿ ಊರಿಗೆ ಮರಳಿದ. ನಮ್ಮ ಸಂಘದ ಸದಸ್ಯರ ಪಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡು ಹೋದರೆ ಈ ರಾಜಕುಮಾರನ ಹೆಸರನ್ನೂ ಸೇರಿಸಬಹುದೇನೋ! ಆ ಬಲ್ಲಾಳ ಎಂಬತ್ತರ ವಯಸ್ಸಿಗೆ ಬಂದರೂ ಸುಮ್ಮನಿರಲಿಲ್ಲ. ಮಧುರೆಯಲ್ಲಿ ದೆಹಲಿಯ ಪ್ರತಿನಿಧಿಯಾಗಿದ್ದವನು ೧೩೩೫ರ ಹೊತ್ತಿಗೆ ಸ್ವತಂತ್ರ ಸುಲ್ತಾನನಾಗಿದ್ದ. ಅವನ ನಂತರದವರ ಮೇಲೆ ಬಲ್ಲಾಳ ತಿರುವಣ್ಣಾಮಲೆಯಿಂದ ದಂಡೆತ್ತಿ ಹೋದ.

೧೩೪೨ರ ಸುಮಾರಿನಲ್ಲಿ ನಡೆದದ್ದನ್ನು ನಮಗೆ ಹೇಳುವವನು ಇಬ್ನ್ ಬತೂತ. ಮೊರಾಕ್ಕೋ ದೇಶದ ಈ ಪ್ರವಾಸಿ ದೆಹಲಿಯಲ್ಲಿ ಮಹಮ್ಮದ್ ತುಘಲಕನ ಬಳಿ ಖಾಜಿಯಾಗಿದ್ದವನು. ಮುಂದೆ ಮಧುರೆಗೂ ಹೋಗಿದ್ದ. ಬಲ್ಲಾಳ ಮುತ್ತಿದ ಕೋಟೆಯನ್ನು ಅವನು ‘ಕುಬ್ಬಾನ್’ ಎಂದಿದ್ದಾನೆ. ಅದು ಕಣ್ಣನೂರು–ಕೊಪ್ಪ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹಿಂದಿನ ಶತಮಾನದಲ್ಲಿ ಹೊಯ್ಸಳ ಸೋಮೇಶ್ವರ ರಾಜಧಾನಿ ಮಾಡಿಕೊಂಡಿದ್ದ ಊರು ಅದು. ಶ್ರೀರಂಗದಿಂದ ಕೊಳ್ಳಿಡಂ ನದಿ ದಾಟಿದರೆ ಕೆಲವೇ ಮೈಲಿ. ಮುತ್ತಿಗೆ ತಿಂಗಳುಗಟ್ಟಲೆ ನಡೆದು ಕೋಟೆಯೊಳಗೆ ಹದಿನಾಲ್ಕು ದಿನಕ್ಕಾಗುವಷ್ಟೇ ಆಹಾರ ಉಳಿದಿತ್ತು. ಶರಣಾದರೆ ಪ್ರಾಣಕ್ಕೆ ಅಭಯ ಎಂದು ಬಲ್ಲಾಳ ಹೇಳಿಕಳಿಸಿದ. ನಮ್ಮ ಸುಲ್ತಾನನ ಒಪ್ಪಿಗೆ ಕೇಳಬೇಕು ಎಂದರು ಅವರು. ಮುದುಕ ರಾಜ ಹದಿನಾಲ್ಕು ದಿನದ ವಿರಾಮ ಕೊಟ್ಟ! ಆ ಅವಧಿಯಲ್ಲಿ ಮಧುರೆಯ ಸುಲ್ತಾನ ಸೇನೆ ಕೂಡಿಸಿಕೊಂಡು ಬಂದು, ಎಚ್ಚರ ತಪ್ಪಿ ಮಧ್ಯಾಹ್ನದ ವಿಶ್ರಾಂತಿಯಲ್ಲಿದ್ದ ಶಿಬಿರದ ಮೇಲೆ ಬಿದ್ದ. ಬಲ್ಲಾಳ ಸೆರೆಸಿಕ್ಕ. ಬಿಡುವುದಾಗಿ ಆಸೆ ತೋರಿಸಿ ಅವನ ಆನೆ, ಕುದುರೆ, ಹಣವನ್ನೆಲ್ಲ ಸುಲಿದುಕೊಂಡು ಆಮೇಲೆ ಕೊಂದರು. ಹುಲ್ಲು ತುಂಬಿದ ಅವನ ಚರ್ಮ ಮಧುರೆಯ ಗೋಡೆಯ ಮೇಲೆ ತೂಗುತ್ತಿದ್ದುದನ್ನು ತಾನು ಕಂಡೆನೆಂದು ಬತೂತ ಬರೆಯುತ್ತಾನೆ. ಆ ಸುಲ್ತಾನನಿಗೆ ಅವನು ಹೆಂಡತಿಯ ಕಡೆಯಿಂದ ಸಂಬಂಧಿ. ಹಾಗಿದ್ದೂ ಅವನ ಕ್ರೌರ್ಯವನ್ನು ಕಂಡು ಹೇಸಿದನೆಂಬುದನ್ನು ಮುಚ್ಚಿಟ್ಟಿಲ್ಲ.

ಈ ಹದಿನಾಲ್ಕು ದಿನಗಳ ಬಗ್ಗೆ ನಾನು ಬಹಳ ಸಲ ಯೋಚಿಸಿದ್ದೇನೆ. ಶ್ರೀರಂಗದ ಬಿಡುಗಡೆ ಅಷ್ಟು ಹತ್ತಿರಕ್ಕೆ ಬಂದಿತ್ತು. ಆಗ ಹತ್ತೊಂಬತ್ತು ವರ್ಷ ಕಳೆದಿತ್ತು. ಸತ್ಯಗಾಲದಲ್ಲೋ ಮೇಲುಕೋಟೆಯಲ್ಲೋ ಸುದ್ದಿಗಾಗಿ ಕಾದಿದ್ದವರಿಗೆ ಬಲ್ಲಾಳನ ಸಾವಿನ ಸುದ್ದಿ ಮುಟ್ಟಿದಾಗ, ಇದೂ ದೇವರ ಕಾಲನಿರ್ಣಯವೇ ಎಂದು ಯಾರಾದರೂ ಸಮಾಧಾನ ಹೇಳಿದ್ದರೆ ಅದನ್ನು ಕೇಳಿಸಿಕೊಳ್ಳುವುದು ಕಷ್ಟವಾಗಿರಬೇಕು. ಹಾಗೆ ಹೇಳುವ ಧೈರ್ಯ ಇಂದಿಗೂ ನನಗಿಲ್ಲ. ರಾಜನ ಉದಾರತೆಯೋ ಅಜಾಗರೂಕತೆಯೋ ತಂದ ಅನಾಹುತವನ್ನು ದೇವರ ಲೆಕ್ಕಕ್ಕೆ ಬರೆಯುವುದು ನನಗೆ ನ್ಯಾಯವೆನಿಸುವುದಿಲ್ಲ. ಅಷ್ಟಾದ ಮೇಲೂ ಮರುದಿನ ಬೆಳಿಗ್ಗೆ ಮೂರ್ತಿಗೆ ಅಭಿಷೇಕ ನಡೆಯಿತಲ್ಲ, ಅದನ್ನು ಮಾತ್ರ ಅವರ ನಂಬಿಕೆಯ ಲೆಕ್ಕಕ್ಕೆ ಧಾರಾಳವಾಗಿ ಬರೆಯಬಹುದು.

ಮುಂದಿನದು ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿದ್ದೇ. ೧೩೩೬ರಲ್ಲಿ ವಿಜಯನಗರ, ಹರಿಹರನ ನಂತರ ೧೩೫೬ರಿಂದ ಬುಕ್ಕ. ಬುಕ್ಕನ ಮಗ ಕುಮಾರ ಕಂಪಣ ಮೊದಲು ಕಂಚಿಯ ಕಡೆಯ ಸಂಬುವರಾಯರನ್ನು ಗೆದ್ದ. ಅನಂತರ ಹಲವು ವರ್ಷ ಅಲ್ಲಿಯೇ ನೆಲೆಯೂರಿ ಆಡಳಿತ ಬಿಗಿಮಾಡಿಕೊಂಡ. ಬಲ್ಲಾಳನ ಗತಿ ಅವನಿಗೆ ಪಾಠವಾಗಿತ್ತೋ ಏನೋ, ಅವಸರ ಮಾಡಲಿಲ್ಲ. ೧೩೭೦ರ ಸುಮಾರಿಗೆ ಮಧುರೆಯ ಸುಲ್ತಾನನನ್ನು ಸೋಲಿಸಿದ. ಅವನ ಹೆಂಡತಿ ಗಂಗಾದೇವಿ ಈ ದಂಡಯಾತ್ರೆಯನ್ನೇ ವಸ್ತುವಾಗಿಟ್ಟು ‘ಮಧುರಾವಿಜಯ’ ಎಂಬ ಸಂಸ್ಕೃತ ಕಾವ್ಯ ಬರೆದಳು. ಅದೂ ಕಾದ ಗ್ರಂಥವೇ: ಹುಳು ತಿಂದ ಒಂದು ತಾಳೆಗರಿಯ ಪ್ರತಿ ತಿರುವನಂತಪುರದಲ್ಲಿ ೧೯೧೬ರಲ್ಲಿ ದೊರೆಯುವವರೆಗೆ ಐದು ಶತಮಾನಕ್ಕೂ ಹೆಚ್ಚು ಕಾಲ ಕಣ್ಮರೆಯಾಗಿತ್ತು.

ಕಂಪಣನ ಅಧಿಕಾರಿ ಗೋಪಣಾರ್ಯ ಸೆಂಜಿಯಲ್ಲಿದ್ದ. ತಿರುಮಲೆಯಲ್ಲಿ ಶ್ರೀರಂಗದ ದೇವರಿರುವುದನ್ನು ತಿಳಿದು, ಮೂರ್ತಿಯನ್ನು ಸೆಂಜಿಗೆ ತಂದು, ಅಲ್ಲಿಯ ಸಿಂಗವರದ ಗುಡ್ಡದ ದೇವಾಲಯದಲ್ಲಿಟ್ಟು ಪೂಜಿಸಿದ. ಕಣ್ಣನೂರಿನ ಕಡೆಯ ಶತ್ರುಗಳು ತೊಲಗಿದ ಮೇಲೆ ಶ್ರೀರಂಗಕ್ಕೆ ಕರೆತಂದ. ಇಷ್ಟನ್ನೂ ಹೇಳುವ ಎರಡು ಸಂಸ್ಕೃತ ಶ್ಲೋಕಗಳು ಶ್ರೀರಂಗದ ಒಳಪ್ರಾಕಾರದ ಗೋಡೆಯ ಮೇಲೆ ಶಾಸನವಾಗಿ ಇಂದಿಗೂ ಇವೆ.

ವಿಜ್ಞಾನ ಓದಿದ ನನಗೆ ಆ ಶಾಸನದಲ್ಲಿ ಬಹಳ ಹಿಡಿಸಿದ್ದು ಕಾಲ ಹೇಳುವ ರೀತಿ. ಅಂಕಿಯ ಬದಲು ‘ಬಂಧುಪ್ರಿಯೇ’ ಎಂಬ ಪದವಿದೆ. ಕಟಪಯಾದಿ ಎಂಬ ನಮ್ಮ ಹಳೆಯ ಪದ್ಧತಿಯಲ್ಲಿ ಒಂದೊಂದು ವ್ಯಂಜನಕ್ಕೆ ಒಂದೊಂದು ಬೆಲೆ. ಒತ್ತಕ್ಷರವಿದ್ದರೆ ಕೊನೆಯ ವ್ಯಂಜನ ಮಾತ್ರ ಲೆಕ್ಕಕ್ಕೆ. ಬ ಎಂದರೆ ೩, ಧ ೯, ರ ೨, ಯ ೧. ಬಲದಿಂದ ಎಡಕ್ಕೆ ಓದಿದರೆ ೧೨೯೩. ಶಕವರ್ಷ ೧೨೯೩ ಎಂದರೆ ಕ್ರಿಸ್ತಶಕ ೧೩೭೧–೭೨. ಬಂಧುಗಳಿಗೆ ಪ್ರಿಯವಾದ ವರ್ಷ! ಆಯವ್ಯಯದ ಹಾಳೆಗಳಲ್ಲಿ ದಿನವೂ ಅಂಕಿ ಕೂಡಿಸುವ ನಾನು ಇಂಥ ಮೊತ್ತವನ್ನು ಇನ್ನೊಂದು ಕಂಡಿಲ್ಲ.

ಆ ಶ್ಲೋಕಗಳನ್ನು ರಚಿಸಿದವರು ವೇದಾಂತ ದೇಶಿಕರೇ ಎಂದೂ, ಅವರು ಶ್ರೀರಂಗಕ್ಕೆ ಮರಳಿ ಉತ್ಸವವನ್ನು ಕಣ್ಣಾರೆ ಕಂಡರೆಂದೂ ಸಂಪ್ರದಾಯ. ಆದರೆ ಲೆಕ್ಕ ಇಲ್ಲಿ ತೊಡಕಾಗುತ್ತದೆ. ಅದೇ ಸಂಪ್ರದಾಯ ಅವರು ೧೨೬೮ರಲ್ಲಿ ಹುಟ್ಟಿ, ನೂರೊಂದು ವರ್ಷ ಬಾಳಿ, ೧೩೬೯ರಲ್ಲಿ ತೀರಿಕೊಂಡರೆಂದು ಹೇಳುತ್ತದೆ. ಹಾಗಾದರೆ ಎರಡು ವರ್ಷ ಕಡಿಮೆ ಬಿತ್ತು. ಶ್ಲೋಕಗಳೊಳಗೆ ಕವಿಯ ಹೆಸರು ಬಂದಿಲ್ಲ. ಕೆಲವರು ಮೂರ್ತಿ ಮೊದಲೇ ಬಂದಿತು, ಶಾಸನ ತಡವಾಗಿ ಕೆತ್ತಿದರು ಎನ್ನುತ್ತಾರೆ. ಕೆಲವರು ದೇಶಿಕರ ಆಯುಸ್ಸನ್ನೇ ಸ್ವಲ್ಪ ಎಳೆಯುತ್ತಾರೆ. ಭಕ್ತರಿಗೆ ಈ ಎರಡು ವರ್ಷವನ್ನು ಹೇಗಾದರೂ ತುಂಬಿಸಬೇಕೆಂಬ ಕಾತರ. ಅದು ನನಗೆ ಅರ್ಥವಾಗುತ್ತದೆ. ಅಷ್ಟು ಕಾಲ ಪ್ರಾರ್ಥಿಸಿದವರು ಎರಡು ವರ್ಷಕ್ಕೆ ತಪ್ಪಿಸಿಕೊಂಡರೆಂದರೆ ನಮಗೇ ತಡೆಯಲಾಗುವುದಿಲ್ಲ. ನನ್ನ ಮಟ್ಟಿಗೆ, ಅಭೀತಿಸ್ತವದ ಬೆಲೆ ಆ ಎರಡು ವರ್ಷದಿಂದ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ.

ಮೂರ್ತಿ ಬಂದಾಗ ಇನ್ನೊಂದು ಪೇಚು ಕಾದಿತ್ತು. ನಡುವಿನ ವರ್ಷಗಳಲ್ಲಿ ಶ್ರೀರಂಗದವರು ಬೇರೊಂದು ಉತ್ಸವಮೂರ್ತಿ ಮಾಡಿಸಿ ಪೂಜೆ ನಡೆಸಿದ್ದರು. ಇದು ನಿಜವಾದದ್ದೋ, ಅದು ನಿಜವಾದದ್ದೋ? ಮೊದಲಿನ ಮೂರ್ತಿಯನ್ನು ಕಂಡಿದ್ದವರು ತೀರಿಹೋಗಿದ್ದರು. ಆಗ ಒಬ್ಬ ಮುದುಕ ಮುಂದೆ ಬಂದನೆಂದು ಕೋಯಿಲ್ ಒಳುಗು ಹೇಳುತ್ತದೆ. ಅವನು ಅಗಸ, ತೊಂಬತ್ತು ದಾಟಿದವನು, ಕಣ್ಣು ಕಾಣುತ್ತಿರಲಿಲ್ಲ. ಪ್ರಾಯದಲ್ಲಿ ದೇವರ ಬಟ್ಟೆ ಒಗೆದವನು. ಅಭಿಷೇಕವಾದ ಮೇಲೆ ದೇವರು ಉಟ್ಟ ಒದ್ದೆ ವಸ್ತ್ರವನ್ನು ಹಿಂಡಿದ ತೀರ್ಥ ಆಗ ಅವನಿಗೆ ಸಿಗುತ್ತಿತ್ತು. “ಎರಡು ಮೂರ್ತಿಗೂ ಅಭಿಷೇಕ ಮಾಡಿ ಆ ತೀರ್ಥ ಕೊಡಿ, ಹೇಳುತ್ತೇನೆ” ಎಂದ. ಒಂದನ್ನು ಬಾಯಿಗೆ ಹಾಕಿಕೊಂಡ, ಸುಮ್ಮನಿದ್ದ. ಇನ್ನೊಂದನ್ನು ಹಾಕಿಕೊಂಡು, “ಇವನೇ ನಮ್ಮ ಪೆರುಮಾಳ್” ಎಂದು ಕೂಗಿದ. ಶ್ರೀರಂಗದ ಉತ್ಸವಮೂರ್ತಿಗೆ ‘ನಂಪೆರುಮಾಳ್’ ಎಂಬ ಹೆಸರು ನಿಂತದ್ದು ಆ ಕೂಗಿನಿಂದ ಎನ್ನುತ್ತಾರೆ.

ಇದಕ್ಕೆ ಶಾಸನದ ಆಧಾರವಿಲ್ಲ. ಪಂಡಿತರ ಸಭೆಯಲ್ಲಿ ಒಪ್ಪುವ ಸಾಕ್ಷಿಯೂ ಅಲ್ಲ. ಆದರೂ ದೇವಾಲಯದವರು ತಮ್ಮ ದಾಖಲೆಯಲ್ಲಿ ಆಚಾರ್ಯರನ್ನಾಗಲಿ ಸೇನಾಪತಿಯನ್ನಾಗಲಿ ಸಾಕ್ಷಿ ಮಾಡದೆ ಒಬ್ಬ ಕುರುಡ ಅಗಸನನ್ನು ಸಾಕ್ಷಿ ಮಾಡಿದರಲ್ಲ! ಪಲ್ಲಕ್ಕಿ ಹೊರಟ ದಿನ ನಲವತ್ತು ದಾಟಿದ್ದ, ನನ್ನ ವಯಸ್ಸಿನ ಒಬ್ಬ ಮನುಷ್ಯ ಆ ರುಚಿಯನ್ನು ಬಾಯಲ್ಲಿಟ್ಟುಕೊಂಡು ಮುದುಕನಾದ. ಅವನು ಸ್ತೋತ್ರ ಬರೆಯಲಿಲ್ಲ, ದಂಡೆತ್ತಲಿಲ್ಲ.

ಅಗಸ ಒಪ್ಪದ ಮೂರ್ತಿಯನ್ನೂ ಅವರು ಹೊರಗೆ ಹಾಕಲಿಲ್ಲ. ‘ತಿರುವರಂಗ ಮಾಳಿಗೈಯಾರ್’ ಎಂಬ ಹೆಸರಿನಲ್ಲಿ ಅದು ಇಂದಿಗೂ ನಂಪೆರುಮಾಳ್ ಜೊತೆಯಲ್ಲಿ ಗರ್ಭಗುಡಿಯಲ್ಲಿದೆ. ದೆಹಲಿಯ ಮೇಲಿನ ಸಿಟ್ಟೂ ಅಲ್ಲಿ ಉಳಿಯಲಿಲ್ಲ. ದೇವರನ್ನು ಪ್ರೀತಿಸಿ ದೆಹಲಿಯಿಂದ ಹಿಂಬಾಲಿಸಿ ಬಂದ ಸುಲ್ತಾನನ ಮಗಳೆಂದು ಕಥೆಯಿರುವ ತುಲುಕ್ಕ ನಾಚ್ಚಿಯಾರಿಗೆ ಶ್ರೀರಂಗದಲ್ಲಿ ಸನ್ನಿಧಿಯುಂಟು. ಅವಳ ನೆನಪಿಗೆ ದೇವರಿಗೆ ಗೋಧಿಯ ರೊಟ್ಟಿ ನೈವೇದ್ಯ. ನಮ್ಮ ಮೇಲುಕೋಟೆಯಲ್ಲಿ ಅವಳೇ ಬೀಬಿ ನಾಚ್ಚಿಯಾರ್, ಚೆಲುವರಾಯನ ಪಾದದ ಬಳಿ ಸ್ಥಾನ. ಇಲ್ಲಿ ತುಘಲಕಾಬಾದಿನಲ್ಲಿ ದೀಪ ಹಚ್ಚುವವರೂ ಇಲ್ಲ.

ಮುಂದಿನ ಶನಿವಾರ ಸಹಸ್ರನಾಮ ಮುಗಿದ ಮೇಲೆ ಆ ಹಿರಿಯ ಮಹಿಳೆಗೆ ಈ ಕಥೆಯನ್ನು ನಾನು ತಿಳಿದಷ್ಟು ಹೇಳಿದೆ. ಬಲ್ಲಾಳನ ಭಾಗವನ್ನು ಮಾತ್ರ ಸ್ವಲ್ಪ ಮೊಟಕು ಮಾಡಿದೆ. ಅವರು ಪೂರ್ತಿ ಕೇಳಿ, ಬೆರಳ ಮೇಲೆ ಏನೋ ಎಣಿಸಿದರು. “ನಲವತ್ತೆಂಟೇ! ಹಾಗಾದರೆ ನನ್ನದಿನ್ನೂ ಆರು” ಎಂದು ನಕ್ಕರು. ಬರುವ ವಾರ ತಮ್ಮ ಮನೆಯಲ್ಲಿ ಸೇರಬೇಕೆಂದೂ, ಆರೂವರೆಗೆಲ್ಲ ಶುರುಮಾಡಬೇಕೆಂದೂ ಹೇಳಿ ಎದ್ದರು.